ಮಾಮ್, ವಾಲಿಯ ವಿಚಾರ ಇನ್ನೂ ಬಾಕಿ ಉಂಟು

ಪ್ರೀತಿಯ ಮಾಮ್,

ನೀವು ಎಲ್ಲಿದ್ದೀರಿ ಎಂದು ವಿಚಾರಿಸಿದೆ. ಮುಂಬಯಿಯಲ್ಲಿ ಮಗಳ ಮನೆಯಲ್ಲಿ ಎಂದರು ಒಬ್ಬರು. ಮಂಜೇಶ್ವರದ ಕಡೆ ಎಂದರು ಇನ್ನೊಬ್ಬರು. ಅವರು ತೀರಿಹೋಗಿಯೇ ಎಷ್ಟೋ ವರ್ಷ ಆಯ್ತಲ್ಲ ಮಾರಾಯ್ರೇ ಎಂದವರೂ ಇದ್ದಾರೆ. ಎಲ್ಲರೂ ಅಳದಂಗಡಿ ಪೇಟೆಯವರೇ ಆದ ಕಾರಣ ಯಾರನ್ನೂ ಪೂರ್ತಿ ನಂಬುವ ಹಾಗಿಲ್ಲ. ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕದೆ ಅಚ್ಚಿಗೆ ಕೊಡುತ್ತಿದ್ದೇನೆ. ಪೇಪರ್ ಮಾರಿ ಬದುಕಿದವರು ನೀವು, ಎಲ್ಲಿದ್ದರೂ ಪೇಪರ್ ಬಿಡಿಸದೆ ಇರಲಿಕ್ಕಿಲ್ಲ.

ನನ್ನ ಗುರುತು ಹೇಳಬೇಕಲ್ಲ. ಗೇರುಬೀಜ ತಂದುಕೊಟ್ಟು ಬಾಲಮಂಗಳ ಒಯ್ಯುತ್ತಿದ್ದ ಹುಡುಗ. ಅಂಥವರು ನಿಮ್ಮಲ್ಲಿಗೆ ಹತ್ತಾರು ಮಂದಿ ಬರುತ್ತಿದ್ದರು, ಗೊತ್ತು. ಎಪ್ರಿಲ್-ಮೇ ರಜೆಯಲ್ಲಿ ಗುಡ್ಡೆಯಲ್ಲಿ ಹೆಕ್ಕಿದ ಬೀಜವನ್ನು ಹಳೆ ಬೈರಾಸಿನ ತುಂಡಿನಲ್ಲಿ ಕಟ್ಟಿ ತಂದು ನಿಮ್ಮ ಮೇಜಿನ ಮೇಲೆ ಸುರಿಯುವುದು, ನೀವು ಬೆರಳಲ್ಲಿ ಒಂದೊಂದೇ ಸರಿಸಿ ಜೊಳ್ಳನ್ನು ಬೇರೆ ಮಾಡುವುದು, ಆ ಜೊಳ್ಳಿನ ರಾಶಿ ದೊಡ್ಡದಾದಷ್ಟೂ ನನ್ನ ಹೊಟ್ಟೆಯೊಳಗೆ ಚಿತ್ರಕಥೆಯ ಪುಟಗಳು ಕಡಿಮೆಯಾದ ಹಾಗೆ ಅನಿಸುವುದು. ತೂಕ ಮುಗಿದ ಮೇಲೆ ನೀವು ಯಾವತ್ತೂ ಕೈಗೆ ದುಡ್ಡು ಕೊಟ್ಟದ್ದಿಲ್ಲ. ಗಡ್ಡದಿಂದ ಪುಸ್ತಕ ನೇತುಹಾಕಿದ ಹಗ್ಗದ ಕಡೆ ತೋರಿಸುತ್ತಿದ್ದಿರಿ. ಮಳೆಗಾಲದಲ್ಲಿ ಬೀಜ ಇಲ್ಲ, ಆಗ ಅಮ್ಮ ಕಟ್ಟಿದ ಬೀಡಿ ಕೊಡಲು ಬೀಡಿ ಬ್ರಾಂಚಿಗೆ ಹೋಗುವ ದಿನವನ್ನು ಕಾಯಬೇಕು. ನಮ್ಮ ಕಡೆಯ ಮಕ್ಕಳ ಓದಿಗೆ ದುಡ್ಡು ಹಾಕಿದ್ದು ಗೇರುಮರ ಮತ್ತು ಬೀಡಿ ಎಲೆ. ಇದನ್ನು ಯಾವ ಸಾಹಿತ್ಯ ಚರಿತ್ರೆಯಲ್ಲೂ ನಾನು ಓದಿಲ್ಲ.

ಕಾಮಿಕ್ಸ್ ಅಂಗಡಿ ಎಂದರೆ ಏನೆಂದು ಬೆಂಗಳೂರಿನ ಗೆಳೆಯರು ಕೇಳಿದಾಗ ನಾನು ನಿಮ್ಮದನ್ನೇ ಹೇಳುವುದು. ಅವರಿಗೆ ನಗು. ಒಂದು ಕಡೆ ಸೋಡಾ, ಬಾಳೆಗೊನೆ, ಬೀಡಿ ಕಟ್ಟು. ಇನ್ನೊಂದು ಕಡೆ ಅಡಿಕೆ, ಕಾಳುಮೆಣಸಿನ ಗೋಣಿ. ಎದುರಿಗೆ ಅಡ್ಡ ಕಟ್ಟಿದ ಹಗ್ಗ, ಅದರಲ್ಲಿ ಕ್ಲಿಪ್ಪು ಹಾಕಿ ನೇತುಹಾಕಿದ ಸುಧಾ, ತರಂಗ, ಚಂದಮಾಮ, ಬಾಲಮಂಗಳ, ಅಮರ ಚಿತ್ರ ಕಥೆ. ಹಳೆಯದೆಲ್ಲ ಮೇಜಿನ ಕೆಳಗಿನ ಗೋಣಿಯಲ್ಲಿ. ಅಲ್ಲಿ ಕೈ ಹಾಕಲು ನಿಮ್ಮ ಅಪ್ಪಣೆ ಬೇಕು, ಕೈ ತೊಳೆದಿರಬೇಕು. ಬೆಂಚಿನ ಮೇಲೆ ಕೂತು ಓದಿದರೆ ನಾಲ್ಕಾಣೆ. ಬಸ್ಸು ಬರುವ ತನಕ ನಿಂತು ಓದಿದರೆ ಧರ್ಮಕ್ಕೆ. ಗುರುವಾಯನಕೆರೆಯ ಬಸ್ಸು ತಡವಾಗಲಿ ಎಂದು ದೇವರಿಗೆ ಹೇಳಿಕೊಂಡವರು ಆ ಪೇಟೆಯಲ್ಲಿ ನಾವು ಮಾತ್ರ.

ಮಳೆಯ ಆಟಿ ತಿಂಗಳಲ್ಲಿ ಆ ಗೋಣಿಯ ಅವಸ್ಥೆ ನೆನಪುಂಟಾ ಮಾಮ್? ಪುಟಗಳು ಥಂಡಿ ಹೀರಿ ದಪ್ಪವಾಗಿ, ಮೂವತ್ತೆರಡು ಪುಟದ ಪುಸ್ತಕ ನೂರು ಪುಟದ್ದರಂತೆ ಉಬ್ಬುತ್ತಿತ್ತು. ನಡುಪುಟದ ಎರಡು ಪಿನ್ನುಗಳು ತುಕ್ಕು ಹಿಡಿದು ಸುತ್ತ ಕಂದು ಕಲೆ ಬಿಡುತ್ತಿದ್ದವು. ಆ ಕಲೆ ಯಾವಾಗಲೂ ಯುದ್ಧದ ದೊಡ್ಡ ಚಿತ್ರದ ಮೇಲೆಯೇ ಬರಬೇಕೇ? ಒಮ್ಮೆ ನೀವು ಪಿನ್ನು ಕಿತ್ತು, ದಬ್ಬಣದಲ್ಲಿ ತೂತು ಮಾಡಿ, ಹೂ ಕಟ್ಟುವ ನೂಲಿನಿಂದ ಹೊಲಿದು ಕೊಟ್ಟಿರಿ. ಆ ಪುಸ್ತಕ ನನ್ನಲ್ಲಿ ಈಗಲೂ ಗಟ್ಟಿ ಇದೆ. ಪಿನ್ನಿನವು ಎಲ್ಲ ಬಿಡಿಹಾಳೆಯಾಗಿವೆ.

ಆಗ ನಮಗೆ ಡಿಂಗನೇ ಸರ್ವಸ್ವ. ಅನ್ಯಗ್ರಹದವರು ಹೊತ್ತುಕೊಂಡು ಹೋಗಿ ಪ್ರಯೋಗ ಮಾಡಿದ ಪೋಕರಿ ಇಲಿ, ಶಕ್ತಿ ಬಂದ ಮೇಲೆ ಕಾಡಿಗೆ ಮರಳಿ ಬಡಪಾಯಿ ಪ್ರಾಣಿಗಳನ್ನು ಕಾಪಾಡುವವ. ಅವನು ಮಲಯಾಳಿ ಎಂದು ನನಗೆ ಗೊತ್ತಾದದ್ದು ಮೀಸೆ ಬಂದ ಮೇಲೆ. 1983ರಲ್ಲಿ ಎನ್. ಸೋಮಶೇಖರನ್ ಬರೆದು, ಬೇಬಿ ಎಂಬ ಕಲಾವಿದರು ಚಿತ್ರಿಸಿದ ಡಿಂಕನ್ ಅವನು. ಕೋಟ್ಟಯಂನ ಮಂಗಳಂ ಬಳಗದ ಬಾಲಮಂಗಳಂನಲ್ಲಿ ಹುಟ್ಟಿ, ಗಡಿ ದಾಟಿ ನಮ್ಮಲ್ಲಿಗೆ ಬರುವಾಗ ಡಿಂಗ ಆದ. ಈಚಿನ ಸುದ್ದಿ ಹೇಳಿದರೆ ನೀವು ನಂಬುವುದಿಲ್ಲ. 2008ರ ಸುಮಾರಿಗೆ ಕೇರಳದ ಕೆಲವು ವಿಚಾರವಾದಿಗಳು ತಮಾಷೆಗೆ ಆ ಇಲಿಯನ್ನೇ ದೇವರು ಮಾಡಿ ಒಂದು ಮತ ಕಟ್ಟಿದರು. ನಾವು ಅವನನ್ನು ಬೆಂಚಿನ ಮೇಲೆ ಕೂತು ನಾಲ್ಕಾಣೆಗೆ ಪೂಜಿಸುತ್ತಿದ್ದೆವು. ಅವರು ಸಮ್ಮೇಳನವನ್ನೇ ಮಾಡಿದ್ದಾರೆ.

ಗೋಣಿಯ ಅಡಿಯಲ್ಲಿ ಇಂದ್ರಜಾಲ ಕಾಮಿಕ್ಸ್ ಇರುತ್ತಿತ್ತು. 1964ರಲ್ಲಿ ಟೈಮ್ಸ್‌ನವರು ಶುರು ಮಾಡಿ 1990ರಲ್ಲಿ ನಿಲ್ಲಿಸಿದರು, ಅಷ್ಟರಲ್ಲಿ 803 ಸಂಚಿಕೆ ಆಗಿತ್ತು. ಫ್ಯಾಂಟಮ್, ಮಾಂಡ್ರೇಕ್, ಆಮೇಲೆ ಆಬಿದ್ ಸುರತಿ ಸೃಷ್ಟಿಸಿದ ನಮ್ಮ ದೇಶದವನೇ ಆದ ಬಹಾದ್ದೂರ್. ಫ್ಯಾಂಟಮ್ ಸಾಯುವುದಿಲ್ಲ ಎಂದು ಕಾಡಿನವರು ನಂಬುತ್ತಾರೆ. ನಿಜದಲ್ಲಿ ಅಪ್ಪನ ನಂತರ ಮಗ ಅದೇ ಮುಖವಾಡ ತೊಟ್ಟುಕೊಳ್ಳುತ್ತಾನೆ, ಈಗಿನವನು ಇಪ್ಪತ್ತೊಂದನೆಯವನು. ಅಮೆರಿಕದ ಲೀ ಫಾಕ್ 1936ರಲ್ಲಿ ಇದನ್ನು ದೊಡ್ಡ ಗುಟ್ಟೆಂಬಂತೆ ಬರೆದ. ನಮಗೆ ಅದರಲ್ಲಿ ಗುಟ್ಟೇನೂ ಕಾಣಲಿಲ್ಲ. ವರ್ಷ ವರ್ಷ ದೈವದ ನೇಮ ನೋಡಿದ ಮಕ್ಕಳು ನಾವು. ಅಣಿ ಕಟ್ಟುವವರು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಾರೆ, ದೈವ ಅದೇ.

ಇನ್ನು ಅಮರ ಚಿತ್ರ ಕಥೆ. ನಿಮಗೂ ನನಗೂ ಜಗಳ ಬಂದದ್ದು ಅದರಲ್ಲೇ. ಅದಕ್ಕೆ ಮೊದಲು ಆಗ ನಿಮಗೆ ಹೇಳಲಾಗದ ಒಂದು ಮಾತು. ಅದರ ಸಂಪಾದಕರಾಗಿದ್ದ ಅನಂತ ಪೈಯವರು ಹುಟ್ಟಿದ್ದು ಕಾರ್ಕಳದಲ್ಲಿ, 1929ರಲ್ಲಿ. ನಿಮ್ಮ ಅಂಗಡಿಯ ಎದುರಿನ ರಸ್ತೆಯಲ್ಲೇ ಬಸ್ಸು ಹತ್ತಿದರೆ ನಾರಾವಿ, ಬಜಗೋಳಿ ದಾಟಿ ಇಳಿಯುವ ಅದೇ ಕಾರ್ಕಳ. ಎರಡು ವರ್ಷದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು, ಹನ್ನೆರಡರಲ್ಲಿ ಮುಂಬಯಿಗೆ ಹೋದವರು. ಇಂದ್ರಜಾಲ ಶುರುವಾದಾಗ ಟೈಮ್ಸ್‌ನ ಪುಸ್ತಕ ವಿಭಾಗದಲ್ಲಿದ್ದವರೂ ಅವರೇ. 1967ರಲ್ಲಿ ದೆಹಲಿಯ ಒಂದು ಪುಸ್ತಕದಂಗಡಿಯ ಟಿವಿಯಲ್ಲಿ ರಸಪ್ರಶ್ನೆ ನೋಡಿದರಂತೆ. ಗ್ರೀಕ್ ದೇವರನ್ನು ಬಲ್ಲ ಹುಡುಗರಿಗೆ ರಾಮನ ತಾಯಿ ಯಾರೆಂದು ಬಾರದೆ ಹೋಯಿತು. ಅಲ್ಲಿಂದ ಕತೆ ಶುರು ಎಂದು ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಅದಕ್ಕೂ ಎರಡು ವರ್ಷ ಮೊದಲು, 1965ರಲ್ಲಿ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅದೇ ಹೆಸರಿನಲ್ಲಿ ಕನ್ನಡ ಚಿತ್ರಕಥೆಗಳನ್ನು ತಂದಿದ್ದರು. ಸಿಂಡರೆಲಾಳಂಥ ಪರದೇಶದ ಕತೆಗಳೇ, ಆದರೂ ಕನ್ನಡದಲ್ಲಿ. ಇಂಗ್ಲಿಷ್ ಅಮರ ಚಿತ್ರ ಕಥೆಯ ಸಂಖ್ಯೆ 'ಕೃಷ್ಣ'ನಿಂದ, ಅಂದರೆ 11ರಿಂದ ಶುರುವಾಗುವುದು ಮೊದಲ ಹತ್ತು ಕನ್ನಡದವು ಎಂಬ ಕಾರಣಕ್ಕೇ ಎಂದು ಅನಂತರಾಮ್ ಹೇಳಿಕೊಂಡಿದ್ದಾರೆ. ಕಾರ್ಕಳದ ಹುಡುಗ, ಕನ್ನಡದ ಹತ್ತು ಪುಸ್ತಕ. ಇಷ್ಟಿದ್ದೂ ನಮ್ಮ ಪೇಟೆಗೆ ಅದು ಮುಂಬಯಿಯ ಮಾಲಾಗಿ, ಇಂಗ್ಲಿಷಿನಿಂದ ಇಳಿದು ಬಂತು.

ಈಗ ಜಗಳ. 'ರಾಮ' ಎಂಬ ಪುಸ್ತಕದಲ್ಲಿ ಇಡೀ ರಾಮಾಯಣ. ಸುಗ್ರೀವನೊಡನೆ ಕಾದುವ ವಾಲಿಗೆ ರಾಮ ಬಾಣ ಬಿಟ್ಟ, ವಾಲಿ ಬಿದ್ದ, ಎರಡು ಮಾತಾಡಿದ, ಪುಟ ತಿರುವಿದರೆ ಸುಗ್ರೀವನಿಗೆ ಪಟ್ಟ. ನಾನು ಬಾಯಿ ಬಿಟ್ಟುಕೊಂಡು ಓದುತ್ತಿದ್ದೆ. ಶನಿವಾರ ರಾತ್ರಿಗಳಲ್ಲಿ ತಾಳಮದ್ದಳೆಗೆ ಹೋಗಿ ಅರ್ಥ ಹೇಳುತ್ತಿದ್ದವರು ನೀವು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಎದುರು ಕೂತು ಕೇಳಿದವರು. ಅಡಿಕೆ ಕತ್ತರಿಸುತ್ತಿದ್ದ ಕೈ ನಿಲ್ಲಿಸಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡಿರಿ.

"ಇಷ್ಟೇಯಾ? ಮರೆಯಲ್ಲಿ ನಿಂತು ಹೊಡೆದವನನ್ನು ವಾಲಿ ಇಷ್ಟಕ್ಕೇ ಬಿಟ್ಟನಾ? ಎಂಥ ವಾಲಿ ಮಾರಾಯ ಇದು!"

ಆಮೇಲೆ ಗಿರಾಕಿಗಳು ನಿಂತಿದ್ದ ಹಾಗೆಯೇ ಶುರುವಾಯಿತು. ನಿನಗೂ ನನಗೂ ಏನು ವೈರ? ನಿನ್ನ ಹೆಂಡತಿಯನ್ನು ನಾನು ಒಯ್ದೆನೇ? ಕಪಿಗೆ ಮನುಷ್ಯರ ಧರ್ಮಶಾಸ್ತ್ರ ಯಾವ ಲೆಕ್ಕದಲ್ಲಿ? ಒಂದು ಬಸ್ಸು ಹೋಯಿತು, ಇನ್ನೊಂದು ಬಂತು. ನಶ್ಯಕ್ಕೆ ಬಂದ ಅಜ್ಜನೊಬ್ಬ ರಾಮನ ಪಕ್ಷ ಹಿಡಿದು ಉತ್ತರ ಕೊಟ್ಟ. ಮುಂಬಯಿಯಲ್ಲಿ ಅಚ್ಚಾದ ಪುಸ್ತಕದಲ್ಲಿ ಇಲ್ಲದ ಮಾತೆಲ್ಲ ಅಳದಂಗಡಿಯ ಮೇಜಿನ ಮೇಲೆ ತುಂಬಿಕೊಂಡಿತು. ಅದಾದ ಮೇಲೆ ನನಗೆ ಪ್ರತಿ ಚಿತ್ರಕಥೆಯೂ ಅರ್ಧ ಪುಸ್ತಕ. ಉಳಿದರ್ಧಕ್ಕೆ ನಿಮ್ಮ ಬಾಯಿ ಬೇಕು. ಇಲಿ ಕೋಟ್ಟಯಂನದು, ಮುಖವಾಡದವ ಅಮೆರಿಕದವ, ಚಂದಮಾಮ ಮದರಾಸಿನದು, ಕೃಷ್ಣ ಮುಂಬಯಿಯವ. ಆ ವ್ಯಾಪಾರದಲ್ಲಿ ನಮ್ಮದೆಂದು ಇದ್ದದ್ದು ನಿಮ್ಮ ಅಂಗಡಿ ಮತ್ತು ಅಲ್ಲಿ ಆಡಿದ ಮಾತು ಮಾತ್ರ ಎಂದು ನಾನು ಈಗ ಯಾರ ಎದುರೂ ವಾದ ಮಾಡಬಲ್ಲೆ.

ನಮ್ಮ ಅಜಿಲ ಅರಸರ ಮೇಲೆ ಚಿತ್ರಕಥೆ ಯಾಕಿಲ್ಲ ಎಂದು ನಾನು ಕೇಳಿದ್ದೆ. ಅರಮನೆ ಊರಲ್ಲೇ ಇತ್ತಲ್ಲ. ಅದೂ ಎಂಥ ಕತೆ! ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ಗೊಮ್ಮಟನನ್ನು ನಿಲ್ಲಿಸಲು ಹೊರಟಾಗ, ತಮ್ಮ ಗೊಮ್ಮಟನ ಕೀರ್ತಿಗೆ ಕುಂದು ಬಂದೀತೆಂದು ಕಾರ್ಕಳದ ಭೈರರಸ ದಂಡೆತ್ತಿ ಬಂದನಂತೆ. ಅಜಿಲ ಮೂರ್ತಿಯನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತು ಬಚ್ಚಿಟ್ಟು, ಕಾದಿ ಗೆದ್ದು, 1604ರಲ್ಲಿ ನಿಲ್ಲಿಸಿದನೆಂದು ಐತಿಹ್ಯ. ಹೊಳೆ, ಮರಳು, ಮೂವತ್ತೈದು ಅಡಿಯ ಕಲ್ಲು, ಎರಡು ಸೈನ್ಯ. ಮೂವತ್ತೆರಡು ಪುಟಕ್ಕೆ ಅಳತೆ ತೆಗೆದು ಹೊಲಿದ ಹಾಗಿದೆ. ಕಾರ್ಕಳದವರು ಸೋತ ಕತೆಯನ್ನು ಕಾರ್ಕಳದ ಪೈಯವರ ಕೈಯಲ್ಲಿ ಯಾರು ಬರೆಸುವುದು ಎಂದು ಈಗ ನಾನು ಗೆಳೆಯರೊಡನೆ ಚೇಷ್ಟೆ ಮಾಡುತ್ತೇನೆ. ಅವತ್ತು ನೀವು ನಗಲಿಲ್ಲ. "ನೀನೇ ಬಿಡಿಸು" ಎಂದು ಬಿಲ್ಲು ಪುಸ್ತಕದ ಹಿಂದಿನ ಖಾಲಿ ಹಾಳೆ ಹರಿದು ಕೊಟ್ಟಿರಿ. ನಾನು ಗೊಮ್ಮಟನನ್ನು ಬಿಡಿಸಿದೆ, ಹೊಳೆಯನ್ನು ಬಿಡಿಸಿದೆ, ಆನೆ ಬಿಡಿಸಲು ಬರಲಿಲ್ಲ.

ಅಂಗಡಿ ಹೋದದ್ದು ಹೇಗೆ? ಟಿವಿ ಬಂದು ಹೋಯಿತು ಎಂದು ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಭಾನುವಾರದ ರಾಮಾಯಣ ಧಾರಾವಾಹಿ 1987ರಲ್ಲೇ ಬಂದಿತ್ತು; ಅದರ ನಂತರವೂ ಎಷ್ಟೋ ವರ್ಷ ನಿಮ್ಮ ಹಗ್ಗದಲ್ಲಿ ಬಾಲಮಂಗಳ ಎರಡು ದಿನ ಉಳಿಯುತ್ತಿರಲಿಲ್ಲ. ಹೋದದ್ದು ಮಕ್ಕಳು ಪೇಟೆಯಲ್ಲಿ ನಿಲ್ಲುವುದನ್ನು ಬಿಟ್ಟಾಗ. ಶಾಲೆಯ ವ್ಯಾನು ಮನೆಯ ದಣಪೆಯ ತನಕ ಬಂದು ಹತ್ತಿಸಿಕೊಂಡು ಹೋದರೆ ಬಸ್ಸು ಕಾಯುವವರು ಯಾರು? ಕಾಯದಿದ್ದರೆ ಹಗ್ಗದ ಕಡೆ ನೋಡುವವರು ಯಾರು? ಆ ವ್ಯಾನು ಹೋಗುತ್ತಿದ್ದದ್ದು ಇಂಗ್ಲಿಷ್ ಮೀಡಿಯಂ ಶಾಲೆಗೆ, ಅದು ಇನ್ನೊಂದು ಪೆಟ್ಟು. ಚಂದಮಾಮವೂ ನಿಂತಿತು, ಬಾಲಮಂಗಳವೂ ನಿಂತಿತು, 2011ರ ಫೆಬ್ರವರಿಯಲ್ಲಿ ಪೈಯವರೂ ತೀರಿಕೊಂಡರು. ನಿಮ್ಮ ಬಾಗಿಲು ಅದಕ್ಕಿಂತ ಮೊದಲೇ ಮುಚ್ಚಿತ್ತು. ಒಂದು ರಜೆಗೆ ಬಂದಾಗ ಆ ಜಾಗದಲ್ಲಿ ಮೊಬೈಲ್ ಕರೆನ್ಸಿ ಹಾಕುತ್ತಿದ್ದರು.

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಈಗ ಕಾಮಿಕ್ಸಿಗೇ ಬೇರೆ ಕಪಾಟು. ಜಪಾನಿನ ಮಾಂಗಾ ಸಾಲುಸಾಲು. ವರ್ಷಕ್ಕೊಮ್ಮೆ ಕಾಮಿಕ್ ಕಾನ್ ಎಂಬ ಜಾತ್ರೆ, ಅದರಲ್ಲಿ ಹುಡುಗರು ತಮಗೆ ಬೇಕಾದ ಪಾತ್ರದ ವೇಷ ಹಾಕಿಕೊಂಡು ಬರುತ್ತಾರೆ. ನವರಾತ್ರಿಯಲ್ಲಿ ಹುಲಿವೇಷ ಕಂಡವನಿಗೆ ಅದರಲ್ಲಿ ಆಶ್ಚರ್ಯವೇನಿಲ್ಲ, ಆದರೆ ಖುಷಿ ಉಂಟು. ಹಳೆಯ ಇಂದ್ರಜಾಲವನ್ನು ಸಂಗ್ರಹಕಾರರು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಮುಚ್ಚಿ ಮಾರುತ್ತಾರೆ; ತೆರೆದರೆ ಬೆಲೆ ಇಳಿಯುತ್ತದಂತೆ. ಓದಿದರೆ ಬೆಲೆ ಇಳಿಯುವ ಪುಸ್ತಕ ಎಂದರೆ ನೀವು ಏನೆನ್ನುತ್ತಿದ್ದಿರೋ. ಅಲ್ಲಿಯೂ ನಾನು ತಾಸುಗಟ್ಟಲೆ ನಿಲ್ಲುತ್ತೇನೆ, ಕೊಳ್ಳುತ್ತೇನೆ. ಬಿಲ್ಲು ಹಾಕುವ ಹುಡುಗ ಒಳ್ಳೆಯವನೇ. ವಾಲಿಯ ಪರವಾಗಿ ಅವನು ಇನ್ನೂ ಬಾಯಿ ತೆರೆದಿಲ್ಲ.

ಅಂದು ನಿಮ್ಮೆದುರು ಸೋತ ವಾದಕ್ಕೆ ಈಗ ನನ್ನಲ್ಲಿ ಉತ್ತರ ಇದೆ, ಮುಖ್ಯವಾಗಿ ಅದನ್ನು ಹೇಳಲಿಕ್ಕೇ ಈ ಕಾಗದ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಶಾಲು ಹೊದ್ದು ಚಾಪೆಯ ಮೇಲೆ ಕೂತವರೇ ವಾಲಿ, ಅವರ ಕಿರೀಟವನ್ನು ಕೇಳುವವ ತನ್ನ ತಲೆಯಲ್ಲಿ ಕಟ್ಟಿಕೊಳ್ಳಬೇಕು. ನೀವದನ್ನು ಕಲೆಯ ಹೆಚ್ಚುಗಾರಿಕೆ ಎನ್ನುತ್ತಿದ್ದಿರಿ. ಚಿತ್ರಕಥೆಯಲ್ಲಿ ಕಿರೀಟ ಇದೆ, ಬಾಣ ಇದೆ, ಸ್ವರ ಇಲ್ಲ. ಬಾಣ ನಟ್ಟ ಚೌಕಕ್ಕೂ ವಾಲಿ ಬಿದ್ದ ಚೌಕಕ್ಕೂ ನಡುವೆ ಒಂದು ಬಿಳಿ ಗೆರೆ, ಅಲ್ಲಿ ಆಗಬೇಕಾದ ಮಾತನ್ನು ಓದುವವನೇ ಆಡಿಕೊಳ್ಳಬೇಕು. ಅಲ್ಲಿಗೆ ಅರ್ಥಧಾರಿ, ಚಿತ್ರಕಾರ ಇಬ್ಬರೂ ಅರ್ಧ ಕೆಲಸವನ್ನು ಎದುರಿನವನಿಗೇ ಬಿಟ್ಟವರಾಯಿತು. ಹಾಗಿರುವಾಗ ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂದು ನೀವು ಯಾವ ನ್ಯಾಯದಲ್ಲಿ ಹೇಳಿದಿರಿ? ಮೇಲಾಗಿ, ಅರ್ಥಧಾರಿಗೆ ಸುಮ್ಮನಿರುವ ವಾಲಿಯನ್ನು ಮಾಡಲು ಬರುತ್ತದೆಯೇ?

ಪ್ರತಿ ಅರ್ಥ ನಿಮ್ಮದು, ಹೇಳಿ. ವಿಳಾಸ ಪತ್ರಿಕೆಯವರಲ್ಲಿ ಇದೆ. ಮುಂದಿನ ಆಟಿಯೊಳಗೆ ಉತ್ತರ ಬಾರದಿದ್ದರೆ ಈ ಪ್ರಸಂಗದಲ್ಲಿ ಗೆದ್ದವನು ನಾನೇ ಎಂದು ಅಳದಂಗಡಿ ಪೇಟೆಯಲ್ಲಿ ಸಾರಿಸುತ್ತೇನೆ.

ಇತಿ,
ಜೊಳ್ಳು ಬೀಜದ ಹುಡುಗ