ಗಂಟು ಬಿಚ್ಚೂದು

ಜಿಪ್ ಫೈಲ್ ಅಂದರ ಏನು ಅಂತ ಹೋದ ವಾರ ಬಾಜೂ ಮನಿ ವೈನಿ ಕೇಳಿದರು. ಅವರ ತಂದೀಗೆ ಈಗ ಕಣ್ಣು ಅಷ್ಟಕ್ಕಷ್ಟ. ಮಗಳು ಫೋನಿಗೆ ಏನೋ ಕಳಸ್ಯಾಳ, ಅದು ತಗೀವಲ್ದು. ನಮ್ಮನ್ಯಾಗ ಅತ್ತಿಯವರ ಸಲುವಾಗಿ ನಾ ಇದನ್ನ ಕಲತೇನಿ ಅಂತ ಓಣಿಗೆಲ್ಲಾ ಗೊತ್ತದ. ಒಬ್ಬೊಬ್ಬರಿಗೆ ಹೇಳೋದಕಿಂತ ಬರದ ಇಡೋಣ ಅನಿಸ್ತು.

ಜಿಪ್ ಅಂದರ ಅರಿವಿ ಗಂಟು ಇದ್ದಂಗ, ಮತ್ತೇನಿಲ್ಲ. ಐವತ್ತು ಫೈಲ್ ಬಿಡಿ ಬಿಡಿ ಕಳಿಸಿದರ ಎರಡು ದಾರ್ಯಾಗ ಉಳೀತಾವ, ನಾಕು ಹಿಂದಮುಂದ ಆಗ್ತಾವ. ಎಲ್ಲಾ ಒಂದರಾಗ ಕಟ್ಟಿ ಕಳಿಸಿಬಿಟ್ಟರ ಒಂದ ಸಲಕ್ಕ ಬಂದ ಮುಟ್ಟತಾವ. ಒತ್ತಿ ಸಣ್ಣದು ಮಾಡ್ತದ ಅಂತ ಎಲ್ಲಾರೂ ಹೇಳತಾರ. ಬರೇ ಅಕ್ಷರ ಇರೋ ಫೈಲಿಗೆ ಅದು ಖರೆ, ಭಾಳ ಸಣ್ಣ ಆಗ್ತದ. ಹಾಡು, ಮಾತು ಇರೋ ಎಂಪಿ3 ಮಾತ್ರ ಮೊದಲ ಒತ್ತಿಟ್ಟಿದ್ದು, ಜಿಪ್‌ನ್ಯಾಗ ಹಾಕಿದರ ಹೆಚ್ಚು ಕಮ್ಮಿ ಅಷ್ಟ ಇರ್ತದ. ಹಂಗಂತ ಬಿಚ್ಚೂ ಮುಂದ ಫೋನಿನಾಗ ದುಪ್ಪಟ್ಟು ಜಾಗಾ ಬೇಕು. ಗಂಟೂ ಇರ್ತದ, ಬಿಚ್ಚಿದ್ದೂ ಇರ್ತದ. 400 ಎಂಬಿ ಗಂಟಿದ್ದರ ಇನ್ನೊಂದು 400 ಖಾಲಿ ಇರಬೇಕು.

ನಮ್ಮ ಅತ್ತಿಯವರಿಗೆ ಗ್ಲಾಕೋಮಾ. ಅದರಾಗ ಹೋದ ದೃಷ್ಟಿ ಮತ್ತ ಬರಂಗಿಲ್ಲ, ಇದ್ದದ್ದನ್ನ ಉಳಿಸಿಕೋಬೇಕಷ್ಟ. ಇವರದು ಉಳೀಲಿಲ್ಲ. ಅವರ ಕಡೆ ಕಣ್ಣಿಲ್ಲದವರ ಸಲುವಾಗಿ ಮಾಡಿದ ಓದೋ ಮಶೀನ್ ಅದ, ವಿಕ್ಟರ್ ರೀಡರ್ ಸ್ಟ್ರೀಮ್ ಅಂತ, ಕೆನಡಾದ ಕಂಪನೀದು. ಹಳೇ ಮೊಬೈಲಿನಂಗ ಗುಂಡಿ ಅವ, ಪರದೆ ಇಲ್ಲ. 1 ಒತ್ತಿದರ ಪುಸ್ತಕದ ಕಪಾಟು ಬದಲಾಗ್ತದ, 4 ಮತ್ತ 6 ಒತ್ತಿದರ ಹಿಂದ ಮುಂದ ಹೋಗ್ತದ. ಅತ್ತಿಯವರ ಬೆಳ್ಳಿಗೆ ಅದು ನಾಕು ದಿನದಾಗ ಬಂತು. ಆದರ ಆ ಮಶೀನಿಗೆ ಬಿಚ್ಚಿದ ಫೋಲ್ಡರನ ಬೇಕು, ಅದೂ ತನ್ನ ಖಾನ್ಯಾಗನ ಇಡಬೇಕು. ಕಾರ್ಡಿನಾಗ ಡಾಲರ್ ಚಿಹ್ನೆಯಿಂದ ಶುರು ಆಗೋ ಹೆಸರಿನ ಖಾನೆ ಇರ್ತಾವ, ಡೇಜಿ ಪುಸ್ತಕಕ್ಕ ಒಂದು, ಉಳಿದ ದನಿ ಪುಸ್ತಕಕ್ಕ ಒಂದು. ಅಡಗಿ ಮನ್ಯಾಗ ಸಾಸವಿ ಡಬ್ಬಿ ಒಳಗ ಸಾಸವೀನ ಇರಬೇಕು, ಹಂಗ.

ಡೇಜಿ ಅಂದರ ಕಣ್ಣಿಲ್ಲದವರ ಸಲುವಾಗಿ ಮಾಡಿದ ಪುಸ್ತಕದ ರೀತಿ. ಅದರಾಗ ಅಧ್ಯಾಯದಿಂದ ಅಧ್ಯಾಯಕ್ಕ, ಪುಟದಿಂದ ಪುಟಕ್ಕ ಹಾರಬಹುದು. 2016ರ ಆಗಸ್ಟ್‌ನ್ಯಾಗ ಶುರುವಾದ ಸುಗಮ್ಯ ಪುಸ್ತಕಾಲಯದಾಗ ಇಂಥಾವು ಸಿಗತಾವ. ಕಣ್ಣು ಕಾಣದವರು, ಪುಸ್ತಕ ಹಿಡದು ಓದಲಿಕ್ಕೆ ಆಗದವರು ಹೆಸರು ಹಚ್ಚಿ ಇಳಿಸಿಕೋಬಹುದು. ಅವೂ ಜಿಪ್‌ನ್ಯಾಗನ ಬರ್ತಾವ, ಯಾಕಂದ್ರ ಒಂದ ಪುಸ್ತಕದಾಗ ಹತ್ತಾರು ಸಣ್ಣ ಸಣ್ಣ ಫೈಲ್. ಬಿಚ್ಚಿದ ಮ್ಯಾಲೆ ಇದ್ಯಾಕ ಅಂತ ಒಂದನ್ನೂ ಅಳಸಬಾರದು. ಒಂದು ಹೋದರ ಪುಸ್ತಕಾನ ಹೋಯ್ತು.

ಇದೆಲ್ಲಾ ನಾನ ಮಾಡಿ ಕೊಡ್ತಿದ್ದೆ. ಎರಡ ನಿಮಿಷದ ಕೆಲಸ. ಆದರ ಈ ಸಲ ಬಂದ ಗಂಟು ಬ್ಯಾರೆ.

ನಮ್ಮ ದೊಡ್ಡ ನಾದಿನಿ ತೀರಿಕೊಂಡು ಎಂಟು ವರ್ಷ ಆತು. ಆಕಿ ಹಾಡಿದ ಕ್ಯಾಸೆಟ್ ಆಕಿ ಮಗನ ಮನ್ಯಾಗ ಟ್ರಂಕಿನಾಗ ಬಿದ್ದಿದ್ದವು. ತೊಟ್ಟಲದ ಹಾಡು, ಆರತಿ ಹಾಡು, ಬೀಸೋ ಪದ. ಅಂವ ಎಲ್ಲಾ ಕಂಪ್ಯೂಟರಿಗೆ ಇಳಿಸಿ, 46 ಹಾಡು ಒಂದ ಜಿಪ್ ಮಾಡಿ ಅಜ್ಜೀ ಫೋನಿಗೆ ಕಳಿಸಿದ. ನಾ ತಗೀಲಿಕ್ಕೆ ಕೈ ಹಚ್ಚಿದೆ. ಅತ್ತಿಯವರು ಫೋನ್ ಕಸಗೊಂಡರು.

"ನೀ ತಗದಿ ಅಂದರ ನೀವೆಲ್ಲಾ ನನ್ನ ಮಾರಿ ನೋಡಕೋತ ಕೂಡತೀರಿ. ನಾ ತಗೀತೀನಿ, ಹೆಂಗ ಹೇಳು."

ಖರೇನೂ ಅದ. ಕಣ್ಣಿಲ್ಲದವರಿಗೆ ಯಾರು ತಮ್ಮನ್ನ ನೋಡಲಿಕ್ಹತ್ಯಾರ ಅನ್ನೋದು ಗೊತ್ತಾಗಂಗಿಲ್ಲ ಅಂತ ನಾವು ತಿಳದಿರ್ತೀವಿ. ಅವರಿಗೆ ಎಲ್ಲಾ ಗೊತ್ತಾಗ್ತದ.

ಹಂಗಾಗಿ ಶುರು ಮಾಡಿದಿವಿ. ಫೋನಿನಾಗ ಟಾಕ್‌ಬ್ಯಾಕ್ ಮೊದಲ ಇತ್ತು. ಬೆಳ್ಳಿಟ್ಟಲ್ಲೆ ಏನದ ಅಂತ ಅದು ಹೇಳ್ತದ, ಬಲಕ್ಕ ಸರಿಸಿದರ ಮುಂದಿಂದು ಹೇಳ್ತದ, ಎರಡು ಸಲ ಟಪಟಪ ಬಡದರ ತಗೀತದ. ಫೈಲ್ಸ್ ಬೈ ಗೂಗಲ್ ತಗದು, ಡೌನ್‌ಲೋಡ್ಸ್‌ಗೆ ಹೋಗಿ, ಜಿಪ್ ಹೆಸರು ಕೇಳಿದ ಕೂಡಲೆ ಎರಡು ಸಲ ಬಡೀಬೇಕು. ಆಮ್ಯಾಲೆ ಬಲಕ್ಕ ಸರಿಸಿಕೋತ ಎಕ್ಸ್‌ಟ್ರ್ಯಾಕ್ಟ್ ಅನ್ನೋ ತನಕಾ ಹೋಗಬೇಕು. ಮುಗದ ಮ್ಯಾಲೆ ಜಿಪ್ ಅಳಸಲೇನು ಅಂತ ಒಂದು ಚೌಕ ಬರ್ತದ, ಅದನ್ನ ಮುಟ್ಟಬಾರದು. ಇಷ್ಟರ ತನಕಾ ಮೂರು ದಿನಕ್ಕ ಬಂದುಬಿಟ್ಟರು.

ಕಠಿಣ ಆಗಿದ್ದು ಬಿಚ್ಚಿದ ಫೋಲ್ಡರ್ ಕಾರ್ಡಿಗೆ ಹಾಕೋದು. ಮಶೀನಿನ ಕಾರ್ಡ್ ತಗದು, ಸಣ್ಣ ಕಾರ್ಡ್ ರೀಡರಿನಾಗ ಕೂಡಿಸಿ, ಅದನ್ನ ಫೋನಿಗೆ ಚುಚ್ಚಬೇಕು. ಕಾರ್ಡಿನ ಒಂದು ಮೂಲಿ ಕೊರದಿರ್ತದ. ಅದನ್ನ ಹೆಬ್ಬೆಟ್ಟಿಲೆ ಸವರಿ, ಯಾವ ಬಾಜೂ ಒಳಗ ಹೋಗಬೇಕು ಅಂತ ಅವರ ಕಂಡಹಿಡದರು, ನಾ ಹೇಳಿರಲಿಲ್ಲ. ಫೋಲ್ಡರ್ ಮ್ಯಾಲೆ ಎರಡು ಸಲ ಬಡದು ಎರಡನೇದ್ದಕ್ಕ ಬೆಳ್ಳು ಹಿಡದ ಇಡಬೇಕು, ಆವಾಗ ಅದು ಆರಿಸಿಕೋತದ. ಇವರು ಲಗೂನ ಬೆಳ್ಳ ತಗದುಬಿಡೋರು, ಫೋಲ್ಡರ್ ತಕ್ಕೊಂಡುಬಿಡೋದು. ಹದಿನೈದು ದಿವಸ ಇದ ನಡೀತು. ನಡುವ ಒಂದಿನ ಫೋನ್ ಗಾದಿ ಮ್ಯಾಲೆ ಒಗದು, "ಸುಡಗಾಡ ಇದು, ಮಗಳ ದನಿ ಕೇಳಲಿಕ್ಕೆ ಇಷ್ಟೊಂದು ಪರೀಕ್ಷಾ ಯಾಕ" ಅಂದರು. ನಾ ಚಹಾ ಮಾಡಲಿಕ್ಕೆ ಎದ್ದು ಹೋದೆ. ಬರೋದ್ರಾಗ ಮತ್ತ ಹಿಡಕೊಂಡ ಕೂತಿದ್ದರು.

ಕಳಸೋರಿಗೂ ಒಂದು ಮಾತು. ಹೆಸರು ಕೊಡೂ ಮುಂದ 1, 2 ಅಂತ ಕೊಡಬ್ಯಾಡ್ರಿ, 01, 02 ಅಂತ ಕೊಡ್ರಿ. ಇಲ್ಲಾಂದ್ರ ಎಷ್ಟೋ ಮಶೀನ್ 1 ಆದ ಮ್ಯಾಲೆ 10, 11 ಅಂತ ಹೋಗಿ ಆಮ್ಯಾಲೆ 2ಕ್ಕ ಬರ್ತಾವ. ಹಾಡಿಗೆ ನಡೀತದ, ಪುರಾಣಕ್ಕ ನಡೀದು. ನಮ್ಮ ಮಶೀನಿನ ದನಿ ಇಂಗ್ಲೀಷಿಂದು, ಅದಕ್ಕ ಹುಡುಗ ಇಂಗ್ಲೀಷ್ ಅಕ್ಷರದಾಗ ಹೆಸರು ಬರದು ಇನ್ನೊಮ್ಮೆ ಕಳಿಸಿದ. ಅದು ತೊಟ್ಟಿಲಕ್ಕ ಏನೋ ಟೋಟಿಲಾ ಅಂತದ, ಅತ್ತಿಯವರು ನಗತಾರ.

ಹುಣ್ಣಿವಿ ಮರುದಿನ ಮಧ್ಯಾಹ್ನ ಅವರ ಖೋಲಿ ಬಾಗಲಾ ಮುಂದ ಮಾಡಿತ್ತು. ನಾ ಹಿತ್ತಲದಾಗ ಹಪ್ಪಳ ಹಾಕತಿದ್ದೆ. ಕಿಡಕ್ಯಾಗಿಂದ ದನಿ ಬಂತು, ಕ್ಯಾಸೆಟ್ಟಿನ ಸರಸರ ಸಪ್ಪಳದ ಜೋಡಿ. ಎರಡನೇ ನುಡಿಗೆ ಒಳಗಿಂದ ಇನ್ನೊಂದು ದನಿ ಕೂಡತು, ನಡುಗೋದು, ಮುದುಕೀದು. ನಾ ಒಳಗ ಹೋಗಲಿಲ್ಲ.

ಸಂಜೀ ಚಹಾಕ್ಕ ಬಂದಾಗ ಅವರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಫೋನಿನಾಗ ಜಾಗಾ ಇಲ್ಲ, ಜಿಪ್ ಅಳಸಲ್ಯಾ ಅಂತ ಮೊನ್ನೆ ಕೇಳಿದೆ. ಬ್ಯಾಡ, ಗಂಟು ಹಂಗ ಇರಲಿ ಅಂದರು. ನನ್ನ ಫೋಟೋನ ಒಂದಿಷ್ಟು ತಗದು ಜಾಗಾ ಮಾಡೇನಿ.