ಎರಡು ಸಲ ಹೋದ ಪ್ಯಾಕಿಂಗ್

"ಹೆಡ್ ಪ್ಯಾಕಿಂಗ್ ಹೋಗಿದೆ" ಅಂತ ಗ್ಯಾರೇಜಿನ ಅಣ್ಣ ಅಂದಾಗ ನಾವು ನಾಲ್ವರೂ ಮುಖ ಮುಖ ನೋಡ್ಕೊಂಡ್ವಿ. ಅದು ಹೆಡ್ ಗ್ಯಾಸ್ಕೆಟ್ ಅಂತ ನಮ್ಮ ಇಂಗ್ಲಿಷ್ ಮೀಡಿಯಂ ತಲೆಗಳಿಗೆ ಹೊಳೆಯೋಕೆ ಒಂದು ನಿಮಿಷ ಬೇಕಾಯ್ತು.

ಕಾರು ನಮ್ಮಲ್ಲೊಬ್ಬನ ಅಪ್ಪನದು. ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್. ಅವರಿಗೆ ಹೇಳದೆ ಮ್ಯಾಪ್ ಬದಲಾಯಿಸಿ ಬೂಸ್ಟ್ ಏರಿಸಿದ್ದು ನಾವು. ಆ ಮ್ಯಾಪ್ ಬರೆದಿದ್ದು ಹೆಚ್ಚು ಆಕ್ಟೇನಿನ ಪೆಟ್ರೋಲಿಗೆ, ನಾವು ಹಾಕಿಸ್ತಿದ್ದಿದ್ದು ಮಾಮೂಲಿ ಪೆಟ್ರೋಲು. ಶಿರಾಡಿ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು, ಹಿಂದೆ ಬಿಳಿ ಹೊಗೆ. ಆಯಿಲ್ ಕ್ಯಾಪ್ ತೆಗೆದರೆ ಒಳಗೆ ಹಾಲು ಜಾಸ್ತಿಯಾದ ಕಾಫಿ ಬಣ್ಣ.

ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂರೋ ಈ ತೆಳು ಹಾಳೆ ಉರಿಯೋ ಗ್ಯಾಸು, ಆಯಿಲು, ಕೂಲೆಂಟು ಮೂರನ್ನೂ ಬೇರೆ ಬೇರೆ ಇಡಬೇಕು. ಒತ್ತಿ ಹಿಡಿಯೋದು ಹೆಡ್ ಬೋಲ್ಟುಗಳು. ಬೂಸ್ಟ್ 1 ಬಾರ್ ಅಂದ್ರೆ ಇಂಜಿನ್ನಿಗೆ ಹೋಗೋ ಗಾಳಿಯ ಒತ್ತಡ ಹೊರಗಿನದರ ಹೆಚ್ಚುಕಮ್ಮಿ ಎರಡರಷ್ಟು. ಅದಕ್ಕೆ ತಕ್ಕ ಇಂಜಿನ್ ಅದನ್ನ ತಡ್ಕೊಳ್ಳುತ್ತೆ. ತಡ್ಕೊಳ್ಳೋಕಾಗದೆ ಇರೋದು ನಾಕಿಂಗ್. ಸ್ಪಾರ್ಕಿನ ಜ್ವಾಲೆ ತಲುಪೋ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿದರೆ ಒತ್ತಡ ಸುತ್ತಿಗೆ ಏಟಿನ ಹಾಗೆ ಬೀಳುತ್ತೆ. ಬೋಲ್ಟಿನ ಹಿಡಿತ ಸಾಲದಿದ್ರೆ ಹೆಡ್ ಕ್ಷಣಮಾತ್ರ ಎದ್ದು ಕೂರುತ್ತೆ, ಆ ಸಂದಿಯಲ್ಲಿ ಬೆಂಕಿ ನುಗ್ಗುತ್ತೆ.

ಅಣ್ಣ ಹೇಳಿದ ರೇಟು ಕೇಳಿ, ನಾವೇ ಮಾಡ್ತೀವಿ ಅಂತ ಹೊರಟ್ವಿ. ಯೂಟ್ಯೂಬ್ ಇತ್ತಲ್ಲ! ಹಳೇ ಗ್ಯಾಸ್ಕೆಟಿನ ಕಲೆ ಹೋಗ್ಲಿ ಅಂತ ಗ್ರೈಂಡರಿಗೆ ಎಮರಿ ಡಿಸ್ಕ್ ಹಾಕಿ ಉಜ್ಜಿದ್ವಿ. ಹಳೇ ಬೋಲ್ಟುಗಳನ್ನೇ ಹಾಕಿದ್ವಿ. ಬೋಲ್ಟಿನ ತೂತುಗಳಲ್ಲಿ ಆಯಿಲ್ ನಿಂತಿತ್ತು, ಯಾರೂ ನೋಡ್ಲಿಲ್ಲ. ಹದಿನೈದು ದಿನಕ್ಕೆ ಕೂಲೆಂಟ್ ಬಾಟಲಿಯಲ್ಲಿ ಗುಳ್ಳೆ.

ಮತ್ತೆ ಅಣ್ಣನ ಹತ್ರ. ಅವರು ಹೆಡ್ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿದ್ರು. 0.05 ಮಿ.ಮೀ. ಎಲೆ ಸಲೀಸಾಗಿ ಒಳಗೆ ಹೋಯ್ತು. ನಾವು ಉಜ್ಜಿದ ಜಾಗದಲ್ಲೇ ತಗ್ಗು.

"ಏನ್ರಪ್ಪಾ ಇಂಜಿನಿಯರ್‌ಗಳಾ, ತೂತಲ್ಲಿ ಆಯಿಲ್ ಇದ್ರೆ ಬೋಲ್ಟ್ ಎಲ್ಲಿಗೆ ಹೋಗುತ್ತೆ?" ಅಂದ್ರು. ಟಾರ್ಕ್ ವ್ರೆಂಚ್ ಕ್ಲಿಕ್ ಅಂದಿತ್ತು ನಿಜ. ಆದರೆ ಬೋಲ್ಟ್ ಒತ್ತಿದ್ದು ಆಯಿಲನ್ನ, ಹೆಡ್ಡನ್ನಲ್ಲ. ಮಾಮೂಲಾಗೇ ಟಾರ್ಕಿನ ಸುಮಾರು 90% ಘರ್ಷಣೆಗೆ ಹೋಗುತ್ತೆ, ಹಿಡಿತಕ್ಕೆ ಉಳಿಯೋದೇ ಸ್ವಲ್ಪ. ಈ ಲೆಕ್ಕ ನಾವು ಸೆಮಿಸ್ಟರ್ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ವಿ ಅನ್ನೋದೇ ನಾಚಿಕೆ.

"ಮೊದ್ಲು ನಿಮ್ಮಪ್ಪಂಗೆ ಫೋನ್ ಮಾಡು, ಆಮೇಲೆ ಸ್ಪ್ಯಾನರ್ ಮುಟ್ತೀನಿ" ಅಂತ ಅಣ್ಣ ಕೂತುಬಿಟ್ರು. ಗೆಳೆಯ ಫೋನ್ ಹಿಡ್ಕೊಂಡು ರಸ್ತೆ ಆ ಕಡೆ ಹೋದ. ನಾವು ಮೂವರು ಬೋಲ್ಟಿನ ತೂತುಗಳನ್ನ ಒರೆಸ್ತಾ ಕೂತ್ವಿ, ಒರೆಸಿದ್ದನ್ನೇ ಮತ್ತೆ ಒರೆಸ್ತಾ.

ಹೆಡ್ ಲೇತ್ ಅಂಗಡಿಗೆ ಹೋಗಿ ಫೇಸಿಂಗ್ ಆಗಿ ಬಂತು. ಹೊಸ ಬೋಲ್ಟು, ಪದರ ಪದರದ ಸ್ಟೀಲ್ ಗ್ಯಾಸ್ಕೆಟ್. ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಟೈಟ್ ಮಾಡಿಸಿದ್ರು, ಕೊನೆಗೆ ಡಿಗ್ರಿ ಲೆಕ್ಕದಲ್ಲಿ. ಮ್ಯಾಪು ಕಂಪನಿಯದ್ದೇ ವಾಪಸ್ ಬಂತು.

ಹೋದ ಭಾನುವಾರ ಅದೇ ಘಾಟಿ ಹತ್ತಿದ್ವಿ. ಸ್ಟೀರಿಂಗಿನಲ್ಲಿ ಗೆಳೆಯನ ಅಪ್ಪ. ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡ್ಲಿಲ್ಲ. ನಾವೂ ಆಡ್ಲಿಲ್ಲ, ಎಲ್ಲರ ಕಣ್ಣೂ ಆ ಮುಳ್ಳಿನ ಮೇಲೇ ಇತ್ತು.