ಶೇಪರ್ ಮಿಷನ್ ತಕರಾರು ಮಾಡಿದಾಗ ಮೊದಲು ಎಲ್ಲಿ ನೋಡಬೇಕು

ಜೇನು ಪೆಟ್ಟಿಗೆ ಮಾಡಿಕೊಳ್ಳೋಕೆ ನಮ್ಮ ಶೆಡ್ಡಿಗೆ ಬರೋರು ಕೇಳೋದು ಹೆಚ್ಚುಕಮ್ಮಿ ಅವೇ ನಾಲ್ಕು ಪ್ರಶ್ನೆ. ಮರ ಸುಡ್ತದೆ, ಅಲೆ ಅಲೆ ಬರ್ತದೆ, ಕೊನೇಲಿ ಗುಂಡಿ ಬೀಳ್ತದೆ, ನಾರು ಕಿತ್ತುಬರ್ತದೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋದಕ್ಕಿಂತ ಒಂದು ಸಲ ಬರೆದಿಡೋಣ ಅಂತ ಕೂತೆ.

ಪೆಟ್ಟಿಗೆ ಒಳಗೆ ಚೌಕಟ್ಟು ಕೂರೋ ಮೆಟ್ಟಿಲನ್ನ ನಾವು ಶೇಪರಲ್ಲೇ ತೆಗೆಯೋದು. ತುಡುವೆ ಜೇನಿಗೆ ಓಡಾಡೋಕೆ ಬೇಕಾದ ಸಂದು ಏಳೆಂಟು ಮಿಲಿಮೀಟರ್. ಮೆಟ್ಟಿಲು ತಪ್ಪಿ ಸಂದು ಜಾಸ್ತಿಯಾದ್ರೆ ಹುಳ ಅಲ್ಲೇ ಎರಿ ಕಟ್ತವೆ, ಕಮ್ಮಿಯಾದ್ರೆ ಮುಚ್ಚಳ ಇಡುವಾಗ ಅಪ್ಪಚ್ಚಿಯಾಗ್ತವೆ. ಹಾಗಾಗಿ ಮಿಷನ್ನಿನ ಸಣ್ಣ ಲೋಪವೂ ನಮಗೆ ಸಣ್ಣದಲ್ಲ.

ಏನೇ ನೋಡೋ ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಜೇಬಿಗೆ ಹಾಕ್ಕೊಳ್ಳಿ. ಕರೆಂಟ್ ಹೋಗಿದೆ ಅಂತ ಕೈ ಹಾಕಬೇಡಿ. ನಮ್ಮೂರ ಕರೆಂಟು ಹೇಳಿ ಹೋಗೋದೂ ಇಲ್ಲ, ಕೇಳಿ ಬರೋದೂ ಇಲ್ಲ.

ಮರ ಕಪ್ಪಾಗಿ ಸುಡ್ತಿದ್ರೆ ಎಲ್ಲರೂ ಮೋಟರನ್ನ ಬೈತಾರೆ. ಕಟರ್ ಬಿಚ್ಚಿ ಹಲ್ಲು ನೋಡಿ. ಹಲಸು, ಮಾವು ಕೊಯ್ದಾಗ ಅಂಟು ಹಲ್ಲಿಗೆ ಮೆತ್ತಿಕೊಂಡು ಒಣಗಿರ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ಹಳೇ ಬ್ರಷ್ಷಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ. ಆಮೇಲೂ ಸುಟ್ರೆ ಹಲ್ಲು ಮೊಂಡಾಗಿದೆ, ಸಾಣೆಗೆ ಕೊಡಿ. ಮರವನ್ನ ನಡುವೆ ನಿಲ್ಲಿಸಿ ನಿಲ್ಲಿಸಿ ತಳ್ಳಿದ್ರೂ ನಿಂತ ಜಾಗ ಸುಡ್ತದೆ.

ಅಲೆ ಅಲೆ ಬರ್ತಿದ್ರೆ ಮೊದಲು ನಿಧಾನಕ್ಕೆ ತಳ್ಳಿ ನೋಡಿ. ಹೋಗದಿದ್ರೆ ಫ್ಯೂಸ್ ಕಿತ್ತು, ಸ್ಪಿಂಡಲ್ ಹಿಡಿದು ಆಚೀಚೆ ಅಲ್ಲಾಡಿಸಿ. ಕೈಗೆ ಗೊತ್ತಾಗೋವಷ್ಟು ಆಟ ಇದ್ರೆ ಬೇರಿಂಗ್ ಕತೆ ಮುಗಿದಿದೆ. ಮಳೆಗಾಲ ಪೂರ್ತಿ ಸುಮ್ನೆ ನಿಂತ ಮಿಷನ್ನಿಗೆ ಇದು ಬರೋದು ಹೆಚ್ಚು. ಬೆಲ್ಟ್ ಕಳಚಿ ಸ್ಪಿಂಡಲನ್ನೂ ಮೋಟರನ್ನೂ ಬೇರೆ ಬೇರೆ ತಿರುಗಿಸಿದ್ರೆ ಗರಗರ ಸದ್ದು ಯಾವುದ್ರದ್ದು ಅಂತ ತಿಳೀತದೆ. ಕೆಲಸ ಕೊಟ್ಟ ಕೂಡ್ಲೇ ವೇಗ ಇಳಿದು ಕಿರುಗುಟ್ಟಿದ್ರೆ ಬೆಲ್ಟ್ ಸಡಿಲ.

ಹಲಗೆ ಕೊನೇಲಿ ಗುಂಡಿ ಬೀಳೋದು ಗೈಡಿನ ತಕರಾರು. ಅಂಚಿನ ಸ್ವಲ್ಪ ಭಾಗ ಮಾತ್ರ ಕೊಯ್ಯೋದಾದ್ರೆ ಮುಂದಿನ, ಹಿಂದಿನ ಗೈಡ್ ಎರಡೂ ಒಂದೇ ಗೆರೆಯಲ್ಲಿರಬೇಕು. ಅಂಚು ಪೂರ್ತಿ ಕೊಯ್ಯೋದಾದ್ರೆ ಮರ ಹೊರಗೆ ಬರೋ ಕಡೆಯ ಗೈಡನ್ನ ಕೊಯ್ದಷ್ಟೇ ಮುಂದೆ ತರಬೇಕು. ಇಲ್ಲದಿದ್ರೆ ಕೊನೇಲಿ ಹಲಗೆಗೆ ಆಸರೆ ತಪ್ಪಿ ಕಟರ್ ಕಡೆ ವಾಲ್ತದೆ. ನಾರು ಕಿತ್ತುಬಂದ್ರೆ ಹಲಗೆ ತಿರುಗಿಸಿ ನಾರಿನ ದಿಕ್ಕು ನೋಡಿ, ಒಂದೇ ಏಟಿಗೆ ಆಳ ತೆಗೆಯದೆ ಎರಡು ಸಲಕ್ಕೆ ತೆಗೀರಿ. ನಾಲ್ಕೂ ಅಂಚು ಕೊಯ್ಯೋದಾದ್ರೆ ಅಡ್ಡ ನಾರಿನ ಅಂಚು ಮೊದಲು, ಉದ್ದ ನಾರಿಂದು ಆಮೇಲೆ. ಮೂಲೇಲಿ ಎದ್ದ ಸಿಬಿರು ಅದರಲ್ಲೇ ಹೋಗ್ತದೆ.

ಈಗ ಮುಖ್ಯವಾದ್ದು. ಮಳೆಗಾಳಿಗೆ ಲೈನ್ ಬಿದ್ದು, ಮರುದಿನ ಸರಿ ಮಾಡಿ ಹೋಗಿದ್ರು. ಬೆಳಿಗ್ಗೆ ಪಂಪ್ ಹಾಕಿದ್ರೆ ಮೋಟರ್ ಓಡ್ತದೆ, ನೀರು ಮಾತ್ರ ಸೊರಗಿ ಬರ್ತದೆ. ನಮಗೆಲ್ಲ ಗೊತ್ತಿರೋದೇ, ಫೇಸ್ ಅದಲು ಬದಲಾಗಿ ಮೋಟರ್ ಉಲ್ಟಾ ತಿರುಗ್ತಿತ್ತು. ಅಷ್ಟೊತ್ತಿಗೆ ಪಕ್ಕದ ಮನೆ ಅಣ್ಣ ಶೆಡ್ಡಲ್ಲಿ ಹಲಗೆ ಹಿಡಿದು ನಿಂತಿದ್ರು. "ಅಣ್ಣ, ತಡೀರಿ, ಸ್ಟಾರ್ಟರ್ ಮುಟ್ಟಬೇಡಿ" ಅಂತ ಓಡಿದೆ. ಕಟರ್ ಬಿಚ್ಚಿಟ್ಟು, ಸ್ಟಾರ್ಟರ್ ಒಂದು ಕ್ಷಣ ಒತ್ತಿ ಬಿಟ್ಟು ನೋಡಿದ್ರೆ ಸ್ಪಿಂಡಲ್ಲೂ ಉಲ್ಟಾನೇ.

"ಪಂಪಿಗೆ ಏನೂ ಆಗಲಿಲ್ವಲ್ಲ ಮಾರಾಯ, ಇದಕ್ಕೇನಾಗ್ತಿತ್ತು?" ಅಂದ್ರು ಅವರು.

ಶೇಪರಲ್ಲಿ ಕಟರ್ ತಿರುಗೋ ದಿಕ್ಕಿಗೆ ಎದುರಾಗಿ ಮರ ತಳ್ಳೋದು. ಕಟರ್ ಮರವನ್ನ ನಮ್ಮ ಕಡೆ ತಳ್ತದೆ, ನಾವು ಅದನ್ನ ತಡೆದು ಮುಂದೆ ಒತ್ತುತೀವಿ. ಉಲ್ಟಾ ತಿರುಗಿದ್ರೆ ಹಲ್ಲು ಮರವನ್ನ ಕಚ್ಚಿ ತಾನೇ ಎಳ್ಕೊಂಡು ಹೋಗ್ತದೆ. ಒತ್ತಿ ಹಿಡಿದ ಕೈ ಮರದ ಹಿಂದೆಯೇ ಹೋಗ್ತದೆ. ಹಿಂತೆಗೆಯೋಕೆ ಟೈಮ್ ಸಿಗೋದಿಲ್ಲ. ಮೇಲಿನ ನಟ್ಟೂ ಬಿಚ್ಚಿಕೊಳ್ಳಬಹುದು. ಇಷ್ಟು ಹೇಳಿದ ಮೇಲೆ ಅಣ್ಣ ಹಲಗೆ ಕೆಳಗಿಟ್ಟು ತಮ್ಮ ಬೆರಳು ನೋಡ್ಕೊಂಡ್ರು.

ಮೂರು ಫೇಸಲ್ಲಿ ಯಾವ ಎರಡು ವೈರ್ ಅದಲು ಬದಲು ಮಾಡಿದ್ರೂ ದಿಕ್ಕು ಸರಿಯಾಗ್ತದೆ. ಅದನ್ನ ಗೊತ್ತಿದ್ದೋರ ಕೈಲೇ ಮಾಡಿಸಿ. ಮೋಟರ್ ಗುಂಯ್ ಅಂದು ತಿರುಗದೇ ನಿಂತ್ರೆ ಒಂದು ಫೇಸ್ ಇಲ್ಲ ಅಂತ ಲೆಕ್ಕ, ತಕ್ಷಣ ಆಫ್ ಮಾಡಿ, ಇಲ್ಲಾಂದ್ರೆ ವೈಂಡಿಂಗ್ ಸುಡ್ತದೆ.

ನಮ್ಮ ಶೆಡ್ಡಲ್ಲಿ ಸ್ಪಿಂಡಲ್ ಪಕ್ಕ ಕೆಂಪು ಬಣ್ಣದಲ್ಲಿ ಬಾಣದ ಗುರುತು ಬರೆದಿದೀನಿ. ಲೈನ್ ರಿಪೇರಿಯಾದ ದಿನ ಕಟರ್ ಬಿಚ್ಚಿ ದಿಕ್ಕು ನೋಡದೆ ಯಾರೂ ಮರ ಇಡೋ ಹಾಗಿಲ್ಲ. ಮಳೆ ಮುಗಿದು ಕುಟುಂಬಗಳು ಬಲ ಆಗೋ ಹೊತ್ತಿಗೆ ಪೆಟ್ಟಿಗೆ ರೆಡಿ ಇರಬೇಕಾದೋರು ಹಲಗೆ ಈಗಲೇ ಒಣಗಿಸೋಕೆ ಇಡಿ. ಮಿಷನ್ ಖಾಲಿ ಇರೋ ದಿನ ಕೇಳ್ಕೊಂಡು ಬನ್ನಿ. ಬಾಣ ನೋಡಿ ಶುರು ಮಾಡಿ.